ಹಲಸಿನ ಬೊಡ್ಡೆ ಇದ್ದ ಜಾಗ

ಕಟ್ಟಿಗೆ ರಾಶಿಗೆ ಹೊದಿಸಿದ್ದ ಹಳೆಯ ಫ್ಲೆಕ್ಸ್ ಒಂದು ಗಾಳಿಗೆ ಪಟಪಟ ಎನ್ನುತ್ತಿತ್ತು. ಹೊಸನಗರದ ಕಡೆ, ಹಿನ್ನೀರಿನ ದಡದ ಊರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳ ನಾಮಕರಣಕ್ಕೆ ಕರೆದಿದ್ದ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದರೆ ಕಂಡದ್ದು ಇದು. ಫ್ಲೆಕ್ಸಿನಲ್ಲಿ ತಲೆಕೆಳಗಾಗಿ ಕಾಣುವ ಒಂದು ಉದ್ದನೆಯ ದೋಣಿಯ ಚಿತ್ರ, ಅದರಲ್ಲಿ ಸಾಲಾಗಿ ಕೂತು ಹುಟ್ಟು ಹಾಕುತ್ತಿರುವ ಬಿಳಿ ಬನಿಯನ್ನಿನವರು. ಅವರ ಮುಖಗಳು ಬಿಸಿಲಿಗೆ ಮಾಸಿ ಹೋಗಿದ್ದವು. ಕತ್ತು ಓರೆ ಮಾಡಿ ಓದಿದೆ: ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆ ನಮ್ಮ ನೀರು ಸಿದ್ಧ. ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ನನಗೆ ಕಡವಿನ ಮಾವ ನೆನಪಾದರು.

ಕಡವು ಅಂದರೆ ದೋಣಿ ದಾಟಿಸುವ ಜಾಗ. ಆ ಜಾಗವೇ ಅವರ ಹೆಸರಾಗಿತ್ತು. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವರು ಕಡವಿನ ಮಾವ, ಅವರ ಹೆಂಡತಿ ಎಲ್ಲರಿಗೂ ಅತ್ತೆ. ಇದೇ ಊರಿನ ಶಾಲೆಯಲ್ಲಿ ನಾನು ಬಹಳ ವರ್ಷ ಟೀಚರಾಗಿದ್ದೆ. ಸಾಗರದಿಂದ ಬಸ್ಸಿನಲ್ಲಿ ಬಂದು, ಲಿಂಗನಮಕ್ಕಿ ಹಿನ್ನೀರಿನ ಈಚೆ ದಡದಲ್ಲಿ ಇಳಿದು, ಮಾವನ ದೋಣಿಯಲ್ಲಿ ಆಚೆ ದಡಕ್ಕೆ ಹೋಗಬೇಕಿತ್ತು. ರಸ್ತೆಯೂ ಇತ್ತು ಅನ್ನಿ, ಹೊಸನಗರದ ಮೇಲಿಂದ ಸುತ್ತಿ ಬರುವಂಥದ್ದು. ಮಳೆ ಹಿಡಿಯಿತೆಂದರೆ ಅದರಲ್ಲಿ ಜೀಪೂ ಬರುತ್ತಿರಲಿಲ್ಲ.

ಮಾವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಜೊತೆಗೆ ವಾಲಿಬಾಲ್ ಹುಚ್ಚು. ಕೋಣಂದೂರಿನಲ್ಲಿ ಟೂರ್ನಮೆಂಟ್ ಅಂದರೆ ಸಾಕು, ದೋಣಿಯನ್ನು ಯಾರ ಕೈಗಾದರೂ ಕೊಟ್ಟು ಹೊರಟುಬಿಡುವರು. ಮರುದಿನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರುವರು. "ಗಂಟ್ಲು ಇಲ್ದಿದ್ರೆ ಎಂತಾತು ಟೀಚರೆ, ದೋಣಿ ನಡ್ಸಕೆ ಕೈ ಸಾಕಲ್ದಾ?" ಅನ್ನುವರು ಒಡಕು ದನಿಯಲ್ಲಿ. ಆ ಕೈ ಮಾತ್ರ ನಿಜಕ್ಕೂ ಸಾಕಾಗುವಂಥ ಕೈಯೇ ಆಗಿತ್ತು.

ಅಲ್ಲಿ ದೋಣಿ ದಾಟಿಸುವ ರೀತಿಯೇ ಬೇರೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳ ಮರಗಳು ಆ ನೀರಿನಲ್ಲಿ ಹಾಗೇ ನಿಂತಿದ್ದವು. ಕೊಂಬೆಗಳೆಲ್ಲ ಕೊಳೆತು ಉದುರಿ ಕಪ್ಪು ಬೊಡ್ಡೆಗಳು ಮಾತ್ರ ಉಳಿದಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಬುಡದವರೆಗೆ ಕಾಣುತ್ತಿದ್ದವು. ಮಳೆಗಾಲದಲ್ಲಿ ನೀರು ಏರಿದಂತೆ ತುದಿ ಮಾತ್ರ ಕಾಣುವುದು. ಚಳಿಗಾಲಕ್ಕೆ ಹಿನ್ನೀರು ತುಂಬಿದಾಗ ಅದೂ ಇಲ್ಲ. ಒಂದೊಂದಕ್ಕೂ ಹೆಸರಿತ್ತು. ದೊಡ್ಡಮನೆ ಹಲಸು, ಬಾವಿಕಟ್ಟೆ ಮಾವು, ಜೋಡು ಮತ್ತಿ... ಆ ದೊಡ್ಡಮನೆಯನ್ನಾಗಲಿ ಬಾವಿಕಟ್ಟೆಯನ್ನಾಗಲಿ ಕಣ್ಣಾರೆ ಕಂಡವರು ಊರಿನಲ್ಲಿ ಒಬ್ಬಿಬ್ಬರು ಮುದುಕಿಯರಷ್ಟೇ. ಆಷಾಢದ ಗಾಳಿ ಎದ್ದಾಗ ಮಾವ ನೇರ ದಾಟುತ್ತಿರಲಿಲ್ಲ. ಹತ್ತಿರದ ಬೊಡ್ಡೆಗೆ ಹಗ್ಗದ ಕುಣಿಕೆ ಎಸೆದು, ಹಿಂದಕ್ಕೆ ವಾಲಿ ಎಳೆದು, ದೋಣಿಯನ್ನು ಅದಕ್ಕೆ ಬಿಗಿದು ಗಾಳಿಯ ಹೊಡೆತ ಕಳೆಯುವವರೆಗೆ ಕಾಯುವರು. ಗಾಳಿ ತುಸು ತಗ್ಗಿದರೆ ಬಿಚ್ಚಿ ಮುಂದಿನ ಬೊಡ್ಡೆಗೆ ಹೋಗುವುದು. ಹೀಗೆ ಒಂದೊಂದೇ ಬೊಡ್ಡೆ ಹಿಡಿದು ದಾಟುವುದು. ಎಷ್ಟೋ ಬೆಳಿಗ್ಗೆ ದೊಡ್ಡಮನೆ ಹಲಸಿಗೆ ಕಟ್ಟಿದ ದೋಣಿಯಲ್ಲಿ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದರೆ ಮಾವ ಹಿಂದಿನ ದಿನದ ಮ್ಯಾಚಿನ ಕತೆ ಹೇಳುತ್ತಿದ್ದರು.

ಅತ್ತೆಗೆ ಉಬ್ಬಸವಿತ್ತು. ಮಳೆಗಾಲ ಬಂತೆಂದರೆ ಅವರ ಮನೆಯ ಮುಂದೆ ಹೋಗುವಾಗಲೇ ಉಸಿರೆಳೆಯುವ ಸದ್ದು ಕೇಳುತ್ತಿತ್ತು. ಜಾಸ್ತಿಯಾದರೆ ಸಾಗರದ ಆಸ್ಪತ್ರೆಗೆ ಹೋಗಬೇಕು, ಹೋಗಲು ದೋಣಿ ಬೇಕು, ದೋಣಿ ಹೊರಡಲು ಗಾಳಿ ನಿಲ್ಲಬೇಕು. ಒಂದು ಮಳೆಗಾಲದಲ್ಲಿ ಅವರ ತುಟಿ ನೀಲಿಯಾದದ್ದನ್ನು ದೋಣಿಯಲ್ಲಿ ಪಕ್ಕದಲ್ಲೇ ಕೂತು ನೋಡಿದ್ದೇನೆ. ದಡಕ್ಕೆ ಬಂದ ಮೇಲೆ ಮಾವ, "ಒಂದು ಸೇತುವೆ ಇದ್ದಿದ್ರೆ..." ಅಂದರು. ಅಷ್ಟು ಚಿಕ್ಕ ದನಿಯನ್ನು ಅವರ ಬಾಯಿಂದ ನಾನು ಅದುವರೆಗೆ ಕೇಳಿರಲಿಲ್ಲ.

ಆಗ ಬಂತು ಕ್ರೀಡಾಕೂಟದ ಸುದ್ದಿ. ಘಟ್ಟದ ಕೆಳಗಿನ ಬಂದರು ನಗರ ಯಾವುದೋ ದೊಡ್ಡ ಅಂತರರಾಷ್ಟ್ರೀಯ ಕೂಟವನ್ನು ತನಗೇ ಕೊಡಿ ಎಂದು ಅರ್ಜಿ ಹಾಕಿತ್ತು. ಓಟ, ಈಜು ಎಲ್ಲ ಅಲ್ಲೇ. ಆದರೆ ದೋಣಿ ಓಟಕ್ಕೆ ಅಲುಗಾಡದ ನೀರು ಬೇಕಂತೆ. ಸಮುದ್ರದಲ್ಲಿ ಅಲೆ, ಅಳಿವೆಯಲ್ಲಿ ಉಬ್ಬರ ಇಳಿತ. ಹಾಗಾಗಿ ಅವರ ಕಣ್ಣು ಘಟ್ಟದ ಮೇಲಿನ ನಮ್ಮ ಹಿನ್ನೀರಿನ ಮೇಲೆ ಬಿತ್ತು. ಊರು ಮುಳುಗಿಸಿದ ನೀರಿಗೆ ಇಂಥ ಯೋಗ ಬರುತ್ತದೆಂದು ಯಾರು ಎಣಿಸಿದ್ದರು! ತಾಲ್ಲೂಕಿನ ಮುಖಂಡರೊಬ್ಬರು ಕಡವಿಗೇ ಬಂದು ಭಾಷಣ ಮಾಡಿದರು. ಕೂಟ ಬಂದರೆ ರಸ್ತೆ ಬರುತ್ತದೆ, ರಸ್ತೆ ಬಂದರೆ ಸೇತುವೆ ಬಂದೇ ಬರುತ್ತದೆ. ಮಾವ ಮುಂದಿನ ಸಾಲಿನಲ್ಲಿ ನಿಂತು ಕೇಳಿದರು. ಊರಿನಲ್ಲಿ ಕೆಲವರು "ಕೂಸು ಹುಟ್ಟಕ್ ಮುಂಚೆ ಕುಲಾವಿ" ಎಂದು ನಕ್ಕರು. ಮಾವನಿಗೆ ಕೇಳಿಸಿದ್ದು ಸೇತುವೆ ಎಂಬ ಶಬ್ದ ಒಂದೇ.

ಚಳಿಗಾಲದಲ್ಲಿ ನೀರು ಪರೀಕ್ಷಿಸುವ ಸಮಿತಿ ಬಂತು. ಕಾರುಗಳ ಸಾಲು, ಅಡಿಗಡಿಗೆ ಫ್ಲೆಕ್ಸು. ಮಕ್ಕಳಿಗೆ ಸ್ವಾಗತಗೀತೆ ಕಲಿಸುವ ಕೆಲಸ ನನ್ನದು. ಬಿಸಿಯೂಟದ ಹೊತ್ತು ಮೀರಿದರೂ ಅವರನ್ನು ದಡದಲ್ಲಿ ನಿಲ್ಲಿಸಿದ್ದರು. ವಿದೇಶದವರೊಬ್ಬರನ್ನು ಮಾವನೇ ದೋಣಿಯಲ್ಲಿ ಕೂರಿಸಿಕೊಂಡು ನೀರು ತೋರಿಸಿದರು. ಇಳಿದ ಮೇಲೆ ಆತ ಮಾವನ ಕೈ ಕುಲುಕಿ ಏನೋ ಅಂದ. ಜೊತೆಗಿದ್ದ ಅಧಿಕಾರಿ ಅದನ್ನು ಕನ್ನಡದಲ್ಲಿ ಹೇಳಿದರು: ನೀರು ಬಹಳ ಚೆನ್ನಾಗಿದೆ, ಆದರೆ ಕೆಳಗಿರುವ ಬೊಡ್ಡೆಗಳು ಓಟದ ದೋಣಿಗೆ ಅಪಾಯ, ಅವನ್ನು ತೆಗೆಸಬೇಕು. ಮಾವ ತಕ್ಷಣ ಹೇಳಿದರು, "ನಾವೇ ತೆಗೀತೀವಿ ಸಾರ್. ಸೇತುವೆ ಕೆಲ್ಸ ನೀವು ಶುರು ಮಾಡಿ."

ಬೇಸಿಗೆಯಲ್ಲಿ ನೀರು ಇಳಿಯಿತು. ಬಿರಿದ ಕೆಸರಿನ ಮೇಲೆ ಬೊಡ್ಡೆಗಳು ಬುಡ ಸಮೇತ ಎದ್ದು ನಿಂತವು. ಮಾವ ಊರಿನ ಹುಡುಗರನ್ನು ಕಟ್ಟಿಕೊಂಡು ಗರಗಸದ ಮಿಷನ್ನು ಹಿಡಿದು ಇಳಿದರು. ನಾಮಕರಣಕ್ಕೆ ನನ್ನನ್ನು ಕರೆದ ಈ ವಿದ್ಯಾರ್ಥಿಯೂ ಆ ಹುಡುಗರಲ್ಲಿ ಒಬ್ಬ. ನೀರಲ್ಲಿ ನೆನೆದ ಮರ ಕಲ್ಲಿನಂತಾಗಿತ್ತು, ಮಿಷನ್ನು ಕಿರುಚುತ್ತಿದ್ದದ್ದು ಶಾಲೆಗೆ ಕೇಳುತ್ತಿತ್ತು. ಜೋಡು ಮತ್ತಿ ಹೋಯಿತು, ಬಾವಿಕಟ್ಟೆ ಮಾವು ಹೋಯಿತು. ದೊಡ್ಡಮನೆ ಹಲಸಿನ ಸರದಿ ಬಂದಾಗ ಒಬ್ಬ ಅಜ್ಜಿ ಕೋಲೂರಿಕೊಂಡು ಕೆಸರಿಗೇ ಇಳಿದು ಬಂದಳು. ಅವಳು ಹುಟ್ಟಿದ್ದು ಆ ದೊಡ್ಡಮನೆಯಲ್ಲಿ.

"ಇದೊಂದು ಬಿಡ್ರಾ. ಹಿಡ್ಕಳಕೆ ಎಂತಾದ್ರೂ ಬೇಕಲ" ಅಂದಳು.

"ಸೇತುವೆ ಆದ್ಮೇಲೆ ಬಸ್ಸಲ್ಲಿ ಕಂಬಿ ಇರ್ತದೆ ಅಜ್ಜೀ, ಅದನ್ನ ಹಿಡ್ಕ!" ಅಂದರು ಮಾವ. ಹುಡುಗರೆಲ್ಲ ನಕ್ಕರು. ಅಜ್ಜಿಯೂ ನಕ್ಕಳು. ಸುಳ್ಳು ಯಾಕೆ ಹೇಳಲಿ, ದಡದಲ್ಲಿ ನಿಂತಿದ್ದ ನಾನೂ ನಕ್ಕೆ. ಮಾತೇ ಹಾಗಿತ್ತು.

ಅದೇ ವಾರ ಸರ್ವೆಯವರು ಬಂದು ಎರಡೂ ದಡದಲ್ಲಿ ಕೆಂಪು ಬಣ್ಣ ಬಳಿದ ಗೂಟ ಹೊಡೆದು ಹೋದರು. ಮಾವ ಅತ್ತೆಯನ್ನು ಕೈ ಹಿಡಿದು ಕರೆತಂದು ಆ ಗೂಟ ತೋರಿಸಿದರು. ಅತ್ತೆ ಅದನ್ನು ಮುಟ್ಟಿ ನೋಡಿದರು. ಬೆರಳಿಗೆ ಹತ್ತಿದ ಬಣ್ಣವನ್ನು ಸೆರಗಿಗೆ ಒರೆಸಿಕೊಂಡು, "ಗಟ್ಟಿ ಇದೆ" ಅಂದರು...

ಮಳೆ ಶುರುವಾಯಿತು. ನೀರು ಏರಿ ಮೊದಲು ಮುಳುಗಿಸಿದ್ದು ಆ ಗೂಟಗಳನ್ನು. ಆಮೇಲೊಂದು ದಿನ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಓದುವಾಗ ಒಳಪುಟದಲ್ಲಿ ಸಣ್ಣ ಸುದ್ದಿ ಕಂಡೆ. ಬಂದರು ನಗರ ತನ್ನ ಅರ್ಜಿ ಹಿಂತೆಗೆದುಕೊಂಡಿತ್ತು. ಖರ್ಚು ಹೆಚ್ಚಾಯಿತೆಂದೋ, ಮೇಲಿನವರ ಒಲವು ಬೇರೆ ಊರಿನ ಕಡೆ ಇತ್ತೆಂದೋ ಏನೋ ಬರೆದಿದ್ದರು. ಹಿನ್ನೀರಿನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು ಅನ್ನುತ್ತಾರೆ. ಇವರು ಹೊಳೆ ದಾಟಲೂ ಇಲ್ಲ, ಅದಕ್ಕೆ ಮೊದಲೇ ಅಂಬಿಗನನ್ನು ಮರೆತರು. ದೋಣಿಯಲ್ಲಿ ಕೂತು ಮಾವನಿಗೆ ಸುದ್ದಿ ಹೇಳಿದೆ. ಹುಟ್ಟು ಹಾಕುತ್ತಲೇ ಅವರು, "ಹೋಗ್ಲಿ ಬಿಡಿ ಟೀಚರೆ, ಆಟ ಎಲ್ಲಾದ್ರೂ ಆಡ್ಕಳ್ಲಿ. ಸೇತುವೆದು ಬೇರೆ ಫೈಲಂತೆ" ಅಂದರು.

ಆಷಾಢದ ಆ ಬೆಳಿಗ್ಗೆ ನಾನು ಈಚೆ ದಡದಲ್ಲಿ ಛತ್ರಿ ಹಿಡಿದು ದೋಣಿಗಾಗಿ ಕಾಯುತ್ತಿದ್ದೆ. ಗಾಳಿ ಜೋರಿತ್ತು. ಇಂಥ ಗಾಳಿಗೆ ಮಾವ ಬರಲಾರರು, ಮನೆಗೆ ವಾಪಸು ಹೋಗೋಣ ಅಂದುಕೊಳ್ಳುವಾಗ ಆಚೆಯಿಂದ ದೋಣಿ ಹೊರಟದ್ದು ಕಾಣಿಸಿತು. ಒಳಗೆ ಕಂಬಳಿ ಹೊದ್ದು ಒರಗಿದ್ದ ಅತ್ತೆ ಕಂಡರು. ರಾತ್ರಿಯಿಂದಲೇ ಉಸಿರು ಸಿಗುತ್ತಿರಲಿಲ್ಲವಂತೆ. ಜೊತೆಗೆ ಬರುತ್ತೇವೆ ಎಂದವರನ್ನು, ಭಾರ ಹೆಚ್ಚಾದರೆ ದೋಣಿ ತಡೆಯದು ಎಂದು ಮಾವ ಬಿಟ್ಟು ಬಂದಿದ್ದರಂತೆ.

ಅರ್ಧ ನೀರಿಗೆ ಬರುವಾಗ ಗಾಳಿಯ ಹೊಡೆತ ಬಂತು. ಮಾವ ಹುಟ್ಟು ಒಳಗೆಳೆದು ಎದ್ದು ನಿಂತರು. ಹಗ್ಗ ಕೈಗೆತ್ತಿಕೊಂಡು, ಬಲಕ್ಕೆ ತಿರುಗಿ, ಬೀಸಿ ಎಸೆದರು. ಎಸೆದವರು ಎಂದಿನಂತೆ ಎಳೆಯಲು ಹಿಂದಕ್ಕೆ ವಾಲಿದರು. ಕುಣಿಕೆ ಬರಿ ನೀರಿನ ಮೇಲೆ ಬಿದ್ದಿತ್ತು. ಅಲ್ಲಿ ಹಲಸು ಇರಲಿಲ್ಲ.

ಮಾವ ಬೆನ್ನು ಕೆಳಗಾಗಿ ದೋಣಿಯ ಅಂಚಿಗೆ ಬಿದ್ದದ್ದು, ದೋಣಿ ಮಗುಚಿದ್ದು, ಕಂಬಳಿ ಒಂದು ಗಳಿಗೆ ನೀರಿನ ಮೇಲೆ ಹರಡಿ ನಿಂತದ್ದು, ಇಷ್ಟು ನನ್ನ ಕಣ್ಣಿಗೆ ಬಿದ್ದಿದೆ. ನಾನು ಕೂಗಿದ್ದು ನನಗೇ ಕೇಳಲಿಲ್ಲ. ಮಗುಚಿದ ದೋಣಿಯ ಬೆನ್ನಿಗೆ ಅಂಟಿಕೊಂಡಿದ್ದ ಮಾವನನ್ನು ಆಚೆಯವರು ಬಂದು ಎತ್ತಿಕೊಂಡರು. ಅತ್ತೆ ಮರುದಿನ ಸಿಕ್ಕರು...

ತಿಥಿಯ ದಿನ ಹೋಗಿದ್ದೆ. ಮಾವ ಜಗಲಿಯಲ್ಲಿ ಬಲಗೈಯನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತಿದ್ದರು. ನಾನು ಏಳುವಾಗ ತಲೆ ಎತ್ತಿದರು.

"ಕಡ್ದಿದ್ದು ನಾನೇ ಟೀಚರೆ. ಅಲ್ಲಿಲ್ಲ ಅಂತ ಗೊತ್ತಿತ್ತು ನಂಗೆ. ಆದ್ರೂ ಕೈ ಅಲ್ಲಿಗೇ ಹೋತು."

ಆ ವರ್ಷವೇ ವರ್ಗ ಕೇಳಿ ತೀರ್ಥಹಳ್ಳಿಗೆ ಬಂದುಬಿಟ್ಟೆ. ಅವತ್ತಿನಿಂದ ನಾನು ದೋಣಿ ಹತ್ತಿಲ್ಲ. ಈ ನಾಮಕರಣಕ್ಕೂ ಬೇಸಿಗೆಯ ಧೂಳು ಕುಡಿಯುತ್ತ ರಸ್ತೆ ಸುತ್ತಿಯೇ ಬಂದದ್ದು.

ಫ್ಲೆಕ್ಸಿನ ಮುಂದೆ ನಿಂತುಬಿಟ್ಟಿದ್ದ ನನ್ನನ್ನು ಕರೆಯಲು ವಿದ್ಯಾರ್ಥಿ ಹಿತ್ತಲಿಗೆ ಬಂದ. ಮಾವ ಹೇಗಿದ್ದಾರೆ ಎಂದು ಕೇಳಿದೆ. ಹೋದ ಚೌತಿಯ ಹೊತ್ತಿಗೆ ತೀರಿಕೊಂಡರು ಅಂದ. ಅಲ್ಲೇ ಕಟ್ಟಿಗೆಯ ಮೇಲೆ ಕೂತು, ನನಗೆ ಗೊತ್ತಿಲ್ಲದಿದ್ದ ಉಳಿದ ವರ್ಷಗಳನ್ನು ಹೇಳಿದ. ಮಾವ ಮತ್ತೆ ಹುಟ್ಟು ಮುಟ್ಟಲಿಲ್ಲ, ದೋಣಿ ಇವನ ಕೈಗೆ ಬಂತು. ಆದರೆ ಪ್ರತಿ ಬೇಸಿಗೆ ನೀರು ಇಳಿದ ಮೇಲೆ ಮಾವ ಒಬ್ಬರೇ ಕೆಸರಿಗೆ ಇಳಿಯುತ್ತಿದ್ದರಂತೆ. ಬರಿಗಾಲಲ್ಲಿ ಕೆಸರು ತುಳಿಯುತ್ತ ತುಳಿಯುತ್ತ, ಹೂಳಿನಡಿ ಉಳಿದಿದ್ದ ಹಳೆಯ ಬೊಡ್ಡೆಯ ಬುಡವನ್ನು ಕಾಲಿನಲ್ಲೇ ಹುಡುಕುವರು. ಸಿಕ್ಕಿದಲ್ಲಿ ಅಗೆದು, ಕಾಡುಮರದ ಕಂಬ ತಂದು ಹುಗಿದು, ಆ ಬುಡಕ್ಕೆ ತಂತಿಯಿಂದ ಬಿಗಿಯುವರು. ಹೊಸ ಕಂಬ ಒಂದು ಮಳೆಗಾಲ ನಿಲ್ಲುವುದು, ಚಳಿಗಾಲಕ್ಕೆ ಸಡಿಲವಾಗಿ ತೇಲಿ ಹೋಗುವುದು. ಮುಂದಿನ ಬೇಸಿಗೆಗೆ ಮತ್ತೆ ಹೊಸದಾಗಿ ಹುಗಿಯಬೇಕು. ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲವಂತೆ. ಹೋದವರನ್ನು ಬೈದು ಕಳಿಸಿದರಂತೆ. ಅಷ್ಟು ವರ್ಷ ಆಷಾಢದಲ್ಲಿ ಇವನ ಕುಣಿಕೆ ಬಿದ್ದದ್ದು ಆ ಕಂಬಗಳಿಗೆ.

ನನಗೆ ಅಳು ಬಂತು, ಸಿಟ್ಟೂ ಬಂತು. ಬಂದರು ನಗರದವರ ಮೇಲೆ, ಭಾಷಣದವರ ಮೇಲೆ, ಸತ್ತುಹೋದ ಮಾವನ ಮೇಲೂ. ಒಂದೇ ಒಂದು ಬೊಡ್ಡೆ ಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

"ಕೆಳಗಿನವ್ರು ಮತ್ತೆ ಅರ್ಜಿ ಹಾಕ್ತಾರಂತೆ ಟೀಚರೆ, ಈ ಸಲ ಸೇತುವೆ ಗ್ಯಾರಂಟಿಯಂತೆ" ಅಂದ ಅವನು. ಹೇಳಿದ್ದು ನಂಬಿಕೆಯಿಂದಲೋ ತಮಾಷೆಗೋ ತಿಳಿಯಲಿಲ್ಲ.

"ಅದಿರಲಿ, ಈ ವರ್ಷ ಕಂಬ ಹುಗಿದ್ರಾ?" ಎಂದೆ.

ಅವನು ಕಟ್ಟಿಗೆಯ ಸಿಪ್ಪೆ ಕೀಳುತ್ತ ಕೂತ. ಒಳಗಿನಿಂದ ಮಗು ಅಳುವುದು ಕೇಳಿತು, ತೊಟ್ಟಿಲು ತೂಗುವುದು ಕೇಳಿತು.

"ಹೋಗಿದ್ವಿ ಟೀಚರೆ, ನಾಕೈದು ಜನ. ಒಂದು ದಿನ ಪೂರಾ ಕೆಸರು ತುಳಿದ್ವಿ. ನಾವೇ ಕಡ್ದಿದ್ದು, ಆದ್ರೂ ಒಂದು ಬುಡಾನೂ ಸಿಗ್ಲಿಲ್ಲ. ಮಳೆ ಹತ್ರ ಬಂತು."