ನಾನು ಕುಡಿಯದ ಬಿಯರ್

ನಮ್ಮ ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿದ್ದು ನನ್ನ ಗಂಡ. ಅಮೆರಿಕದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿಗೆ ಬಂದ ಮೊದಲ ವರ್ಷ ಅದು. ಅವರು ಸ್ಯಾನ್ ಮಟಿಯೋದ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿದ್ದರು. ಅಲ್ಲಿ ಯಾರೋ ಮನೆಯಲ್ಲೇ ಬಿಯರ್ ಮಾಡುತ್ತಾರೆಂದು ಕೇಳಿಕೊಂಡು ಬಂದು, ಒಂದು ಶನಿವಾರ ದೊಡ್ಡ ಸ್ಟೀಲ್ ಪಾತ್ರೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಕೆಟು, ರಬ್ಬರ್ ಪೈಪು ಎಲ್ಲವನ್ನೂ ಅಡುಗೆಮನೆಯ ನೆಲದ ಮೇಲೆ ಹರವಿದರು. ಹುಬ್ಬಳ್ಳಿಯ ನಮ್ಮ ತವರಿನಲ್ಲಿ ಕುಡಿತದ ಮಾತೇ ಇರಲಿಲ್ಲ. ಆದರೂ ನಾನು ಬೇಡ ಎನ್ನಲಿಲ್ಲ. ಬೇಕು, ಬೇಡ ಎನ್ನುವುದೇ ಆಗ ನನಗೆ ಬಿಟ್ಟುಹೋಗಿತ್ತು. ಊರಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಇಲ್ಲಿ ಗಂಡನ ವೀಸಾದ ಮೇಲೆ ಬಂದವಳು ಕೆಲಸ ಮಾಡುವ ಹಾಗಿರಲಿಲ್ಲ. ಬೆಳಿಗ್ಗೆ ಅವರ ಕಾರು ಹೊರಟ ಮೇಲೆ ಕಿಟಕಿಯ ಬಳಿ ಕೂತರೆ, ಎದುರಿನ ಪಾರ್ಕಿಂಗ್ ಜಾಗ ತುಂಬುವವರೆಗೂ ಕೂತೇ ಇರುತ್ತಿದ್ದೆ.

ಮೊದಲೆರಡು ಸಲ ಎಲ್ಲವನ್ನೂ ಅವರೇ ಮಾಡಿದರು. ಮೂರನೆಯದು ಬಕೆಟಿನಲ್ಲಿ ಹುದುಗು ಬರುತ್ತಿರುವಾಗ ಆಫೀಸು ಶನಿವಾರಗಳನ್ನೂ ನುಂಗತೊಡಗಿತು. ಒಂದು ಮಧ್ಯಾಹ್ನ ಫೋನ್ ಮಾಡಿದರು.

“ಇವತ್ತ ಅದನ್ನ ಬಾಟ್ಲಿಗೆ ತುಂಬಬೇಕಾಗಿತ್ತು. ನೀ ತುಂಬತಿ ಏನು?”

“ನನಗೇನ್ ಗೊತ್ತದ ಅದರದು?”

“ನಾ ಹೇಳ್ತೀನಿ, ನೀ ಮಾಡ್ಕೋತ ಹೋಗು.”

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಅವರು ಹೇಳಿದಂತೆ ಮಾಡಿದೆ. ಸಕ್ಕರೆ ಕುದಿಸಿ ಆರಿಸಿ ಬೆರೆಸುವುದು, ಬಾಟಲಿಗಳನ್ನು ಬ್ಲೀಚ್ ನೀರಿನಲ್ಲಿ ನೆನೆಸಿ ತೊಳೆಯುವುದು, ಪೈಪಿನಿಂದ ತುಂಬುವುದು, ಒಂದೊಂದಕ್ಕೂ ಮುಚ್ಚಳ ಒತ್ತುವುದು. ಅರ್ಧದಲ್ಲಿ ಅವರನ್ನು ಯಾರೋ ಮೀಟಿಂಗಿಗೆ ಕರೆದರು. ಉಳಿದದ್ದನ್ನು ನಾನೊಬ್ಬಳೇ ಮುಗಿಸಿದೆ. ಐವತ್ತು ಬಾಟಲಿಗಳಿಗೆ ಎರಡು ಕಮ್ಮಿ. ಗಡಿಯಾರ ನೋಡಿದರೆ ಸಂಜೆಯಾಗಿತ್ತು. ಈ ದೇಶಕ್ಕೆ ಬಂದ ಮೇಲೆ ಗಡಿಯಾರ ನೋಡದೆ ಕಳೆದ ಮೊದಲ ಮಧ್ಯಾಹ್ನ ಅದು. ಖುಷಿಯಾಯಿತು ಎಂದು ಹೇಳಲಾರೆ. ಹೊತ್ತು ಹೋಗಿತ್ತು, ಅಷ್ಟೇ.

ಆಮೇಲೆ ಅದು ನನ್ನ ಕೆಲಸವಾಯಿತು. ಆಗಲಿ ಎಂದು ಇಬ್ಬರಲ್ಲಿ ಯಾರೂ ಹೇಳಲಿಲ್ಲ. ಶುಕ್ರವಾರ ಸಂಜೆ ಆಫೀಸಿನಲ್ಲಿ ಎಲ್ಲರೂ ಸೇರಿ ಕುಡಿಯುತ್ತಿದ್ದರು. ಮನೆಯ ಬಿಯರ್ ಅಲ್ಲಿ ಹೆಸರು ಮಾಡಿತ್ತು. ಖಾಲಿ ಬಾಟಲಿಗಳು ಡಬ್ಬದಲ್ಲಿ ಮರಳಿ ಬರುತ್ತಿದ್ದವು, ಜತೆಗೆ ಅಂಗಡಿ ಬಿಯರಿನ ಬಾಟಲಿಗಳೂ. ಅವುಗಳ ಲೇಬಲ್ಲು ಬಿಸಿನೀರಿನಲ್ಲಿ ನೆನೆಸಿ ಉಗುರಿನಿಂದ ಕೆರೆಯಲು ಎರಡು ಮಧ್ಯಾಹ್ನ ಬೇಕು. ಕಾಯಿಸುವ ದಿನವಂತೂ ಬೇರೆ ಏನೂ ಆಗುತ್ತಿರಲಿಲ್ಲ. ನೀರು ಕುದಿ ಬರಲಿಕ್ಕೇ ಮುಕ್ಕಾಲು ತಾಸು. ಬಾರ್ಲಿಯ ಪಾಕ ಹಾಕಿದ ಮೇಲೆ ಉಕ್ಕದಂತೆ ಪಕ್ಕದಲ್ಲೇ ನಿಲ್ಲಬೇಕು. ಹಾಪ್ಸ್ ಎಂಬ ಕಹಿ ಹೂವಿನ ಹಸಿರು ಗುಳಿಗೆಗಳನ್ನು ಹೊತ್ತು ನೋಡಿ ಹಾಕಬೇಕು. ಆಮೇಲೆ ಪಾತ್ರೆಯನ್ನು ಸ್ನಾನದ ತೊಟ್ಟಿಯ ಐಸಿನಲ್ಲಿಟ್ಟು ಆರಿಸಬೇಕು. ಆರುವ ತನಕ ನಾನು ಮುಚ್ಚಿದ ಕಮೋಡಿನ ಮೇಲೆ ಕೂತು ಥರ್ಮಾಮೀಟರ್ ನೋಡುತ್ತಿದ್ದೆ. ತಲೆಯಲ್ಲಿ ಏನೂ ಓಡುತ್ತಿರಲಿಲ್ಲ.

ಅವ್ವ ಫೋನ್ ಮಾಡಿದಾಗ ಎಷ್ಟೋ ಸಲ ಒಲೆಯ ಮೇಲೆ ಅದೇ ಇರುತ್ತಿತ್ತು.

“ಏನ್ ಮಾಡಾಕತ್ತೀ?”

“ಅಡಗಿ.”

“ಇಷ್ಟೊತ್ತಿಗೆ?”

“ಹೂಂ. ಭಾಳ ಹೊತ್ತಿನ ಅಡಗಿ.”

ಹೀಗೆ ಎರಡು ವರ್ಷ ಹತ್ತಿರ ಬಂತು. ನಾನು ಒಂದು ಗುಟುಕೂ ಕುಡಿಯಲಿಲ್ಲ. ವ್ರತವೇನಲ್ಲ, ಮನಸ್ಸಾಗಲಿಲ್ಲ. ವಾಸನೆಯಲ್ಲೇ ಕೆಟ್ಟದ್ದು, ಒಳ್ಳೆಯದು ಗೊತ್ತಾಗುತ್ತಿತ್ತು.

ಆಮೇಲೆ ಕಂಪನಿ ಮುಚ್ಚಿತು. ಒಂದು ಗುರುವಾರ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಹೇಳಿ, ಮಧ್ಯಾಹ್ನದೊಳಗೆ ಮನೆಗೆ ಕಳಿಸಿದರಂತೆ. ಮರುದಿನ ಶುಕ್ರವಾರ. ಸೇರಲು ಆಫೀಸಿಲ್ಲದ ಐದಾರು ಮಂದಿ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ನಾನು ಅವಲಕ್ಕಿಯ ಚೂಡಾ ಹಚ್ಚಿ ಕೊಟ್ಟೆ. ಅವರಲ್ಲೊಬ್ಬ ಅಮೆರಿಕನ್, ನನ್ನ ಗಂಡನ ಮ್ಯಾನೇಜರ್ ಆಗಿದ್ದವನು, ಗ್ಲಾಸನ್ನು ಬೆಳಕಿಗೆ ಹಿಡಿದು, ಈ ಸಲದ್ದು ಬೇರೆ ಥರ ಇದೆ, ಕಹಿ ಕಮ್ಮಿ, ಏನು ಬದಲಾಯಿಸಿದೆ ಎಂದು ನನ್ನ ಗಂಡನನ್ನು ಕೇಳಿದ.

ನನ್ನ ಗಂಡನಿಗೆ ಗೊತ್ತಿರಲಿಲ್ಲ. ಅವರು ಗ್ಲಾಸು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ಮಾಡುವುದು ನಾನಲ್ಲ, ಇವಳು. ಮೊದಲಿನಿಂದಲೂ ಹೆಚ್ಚುಕಮ್ಮಿ ಇವಳೇ.

ಎಲ್ಲರೂ ನನ್ನ ಕಡೆ ತಿರುಗಿದರು. ಬೆಂಗಳೂರಿನ ಹುಡುಗನೊಬ್ಬ ಆ ಗುಂಪಿನಲ್ಲಿದ್ದ. ಅವನು ಸೋಫಾದಿಂದ ಎದ್ದೇ ಬಿಟ್ಟ.

“ಏನತ್ತಿಗೆ, ನೀವಾ? ನಾವು ಪ್ರತಿ ಫ್ರೈಡೇ ಇವರಿಗೆ ಥ್ಯಾಂಕ್ಸ್ ಹೇಳ್ತಿದ್ವಲ್ಲ! ನೀವ್ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲಲ್ಲ,” ಎಂದೆ.

ಮ್ಯಾನೇಜರನಿಗೆ, ಹಾಪ್ಸ್ ತಡವಾಗಿ ಹಾಕಿದೆ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಏನಾದರೂ ಅನಿಸಬೇಕಿತ್ತು. ಸಿಟ್ಟಾದರೂ ಬರಬಹುದಿತ್ತು. ಖಾಲಿಯಾದ ಬಾಟಲಿಗಳನ್ನು ಒಣಗುವ ಮೊದಲು ತೊಳೆಯಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಟ್ರೇ ತಗೊಂಡು ಒಳಗೆ ಹೋದೆ.

ಸೋಮವಾರ ನನ್ನ ಗಂಡ ಮನೆಯಲ್ಲೇ ಇದ್ದರು. ಒಂಬತ್ತಕ್ಕೆ ನಾನು ಸಿಂಕಿನ ಮುಂದೆ ನಿಂತಾಗ ಬಂದು ಪಕ್ಕದಲ್ಲಿ ನಿಂತರು. ನಾನು ತೊಳೆದುಕೊಟ್ಟ ಬಾಟಲಿಗಳನ್ನು ಬೋರಲು ಹಾಕುತ್ತ ಹೋದರು. ಹನ್ನೊಂದಾಯಿತು. ಆಮೇಲೆ ಕಾಯಿಸುವುದಕ್ಕೆ ಪಾತ್ರೆ ಇಟ್ಟೆ. ಮಧ್ಯಾಹ್ನ ಎರಡಾದರೂ ಅದಿನ್ನೂ ಐಸಿನಲ್ಲಿತ್ತು. ಬಾತ್‌ರೂಮಿನ ಬಾಗಿಲಿಗೆ ಒರಗಿ ನಿಂತು ಕೇಳಿದರು:

“ಇಷ್ಟ್ ಹೊತ್ತು ಹಿಡೀತದ?”

“ಹೂಂ.”

“ಪ್ರತಿ ಸಲ?”

“ಎರಡ್ ವಾರಕ್ಕ ಹದಿನಾರ್ ತಾಸು. ಲೇಬಲ್ ಗಟ್ಟಿ ಇದ್ರ ಇನ್ನೂ ಎರಡು.”

ಅವರು ನೆಲ ನೋಡುತ್ತ ನಿಂತರು. “ನನಗ ಹೇಳಬೇಕಿತ್ತು ನೀ.”

“ಏನಂತ?”

ಥರ್ಮಾಮೀಟರ್ ಸರಿಯಾದ ಅಂಕಿಗೆ ಬಂದಾಗ ಇಬ್ಬರೂ ಸೇರಿ ಪಾತ್ರೆ ಎತ್ತಿದೆವು. ಅಲ್ಲಿಯವರೆಗೆ ಅದನ್ನು ನಾನೊಬ್ಬಳೇ ಎತ್ತುತ್ತಿದ್ದೆ. ಮೊದಲು ಲೋಟದಿಂದ ಅರ್ಧ ತೋಡಿ ಬಕೆಟಿಗೆ ಹಾಕಿ, ಆಮೇಲೆ ಎತ್ತುವುದು. ಅದನ್ನು ಅವರಿಗೆ ಹೇಳಲಿಲ್ಲ.

ಕೆಲಸವಿಲ್ಲದೆ ಈ ದೇಶದಲ್ಲಿ ಎಷ್ಟು ದಿನ ಇರಬಹುದೆಂದು ನಮಗೆ ಸರಿಯಾಗಿ ಯಾರೂ ಹೇಳುತ್ತಿರಲಿಲ್ಲ. ಬೆಳಿಗ್ಗೆ ಅವರು ಅರ್ಜಿ ಕಳಿಸುತ್ತಿದ್ದರು, ಮಧ್ಯಾಹ್ನ ನನ್ನ ಜತೆ ನಿಲ್ಲುತ್ತಿದ್ದರು. ಕುಡಿಯುವವರು ಒಬ್ಬೊಬ್ಬರೇ ಚದುರಿಹೋದರು. ಬಟ್ಟೆಯ ಕ್ಲೋಸೆಟ್ಟು ಬಾಟಲಿಗಳಿಂದ ತುಂಬಿತು. ನಾವು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಇಬ್ಬರೂ ಕಿಟಕಿಯ ಬಳಿ ಕೂರಬೇಕಾಗುತ್ತಿತ್ತು.

ಕೊನೆಗೆ ಕ್ಯಾಂಪ್‌ಬೆಲ್ ಕಡೆ ಕೆಲಸ ಸಿಕ್ಕಿತು. ಅಲ್ಲಿ ಬಾಡಿಗೆಗೆ ತೆಗೆದುಕೊಂಡ ಮನೆ ಈ ಅಪಾರ್ಟ್‌ಮೆಂಟಿಗಿಂತ ಸಣ್ಣದು. ಹೊರಡುವ ಹಿಂದಿನ ದಿನ ಬಾಟಲಿಗಳನ್ನೆಲ್ಲ ತೆರೆದು ಸಿಂಕಿಗೆ ಸುರಿದೆವು. ಅವರು ಮುಚ್ಚಳ ಕೀಳುವುದು, ನಾನು ಸುರಿಯುವುದು. ನೊರೆ ಏರಿ ಏರಿ ಇಳಿಯುತ್ತಿತ್ತು, ಇಳಿಯುವವರೆಗೆ ಕಾಯಬೇಕಿತ್ತು. ಅದಕ್ಕೂ ಒಂದು ಇಡೀ ಬೆಳಗು ಹಿಡಿಯಿತು. ಪಾತ್ರೆ, ಬಕೆಟುಗಳನ್ನು ಬೆಂಗಳೂರಿನ ಹುಡುಗ ಒಯ್ದ.

ನನಗೆ ಕೆಲಸದ ಪರವಾನಗಿ ಬಂದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಅಷ್ಟರಲ್ಲಿ ಮಗಳು ಹುಟ್ಟಿದ್ದಳು. ಈಗ ದೊಡ್ಡವಳಾಗಿದ್ದಾಳೆ. ಆ ದಿನಗಳಲ್ಲಿ ನಿನಗೆ ದುಃಖವಾಗುತ್ತಿತ್ತಾ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ. ದುಃಖವಾಗಿದ್ದರೆ ನೆನಪಿರುತ್ತಿತ್ತೇನೋ ಎಂದು ನಾನು ಕನ್ನಡದಲ್ಲಿ ಹೇಳುತ್ತೇನೆ. ಅವಳಿಗೆ ಅರ್ಥವಾಗುತ್ತದೆ. ಆದರೂ ಇನ್ನೊಮ್ಮೆ ಕೇಳುತ್ತಾಳೆ.