ಹುಣಸೆಹುಳಿಯಲ್ಲಿ ತೊಳೆದ ರಿವಾಲ್ವರ್

ಬಾಬಾನ ರಿವಾಲ್ವರ್ ಹಾಳು ಮಾಡಿದ್ದು ನೀವಲ್ಲ, ಲಾರೆನ್ಸ್ ಪೊರ್ಬುಗಳೇ. ನಾನು. ಹದಿನಾರು ವರ್ಷಗಳಿಂದ ನೀವು ನಿಮ್ಮದೆಂದು ಹೊತ್ತುಕೊಂಡಿರುವ ತಪ್ಪು ನನ್ನದೆಂದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಇಲ್ಲ, ಸುಮ್ಮನಿದ್ದೆ ಎನ್ನುವುದೂ ಸುಳ್ಳೇ. ಬಾಯಿ ಬಿಟ್ಟು ನಿಮ್ಮ ಮೇಲೆ ಹೊರಿಸಿದೆ.

ಅರಬ್ ನಾಡಿನ ಸಲ್ವಾದಲ್ಲಿ, ನಾವು ಕೆಲಸದವರು ಬಾಬಾ ಎನ್ನುತ್ತಿದ್ದ ಯಜಮಾನರ ಆ ಮನೆಗೆ ನನ್ನನ್ನು ಸೇರಿಸಿದವರೇ ನೀವು. ಕ್ರಿಶ್ಚಿಯನ್ ಹಿರಿಯರನ್ನು ನಮ್ಮ ತುಳುವಿನಲ್ಲಿ ಕರೆಯುವ ಹಾಗೆ ಪೊರ್ಬುಗಳು ಎಂದೇ ನಿಮ್ಮನ್ನು ಕರೆಯುತ್ತಿದ್ದೆ. ನೀವು ನನ್ನನ್ನು ತಮ್ಮನ ಹಾಗೆ ನೋಡಿಕೊಂಡಿರಿ. ಸಂಜೆ ಬಾಬಾನ ಗೆಳೆಯರು ಬಂದು ಕೂರುವ ದಿವಾನಿಯಾ ಹನ್ನೊಂದು ವರ್ಷ ನಿಮ್ಮ ಕೈಯಲ್ಲಿತ್ತು. ಕಾಫಿ ಕೊಡುವುದು, ಹಿತ್ತಾಳೆಯ ಹೂಜಿ ಬೆಳಗುವುದು, ಗೋಡೆಯ ಮೇಲಿನ ವಸ್ತುಗಳನ್ನು ಒರೆಸುವುದು ಎಲ್ಲ ನೀವೇ. ನನ್ನದು ಕಾರು ಓಡಿಸುವ, ನಲ್ಲಿ, ಎಸಿ, ಬೀಗ ಸರಿಮಾಡುವ ಕೆಲಸ. ಊರಿನಲ್ಲಿ ಫಿಟ್ಟರ್ ಆಗಿದ್ದವನೆಂಬ ಜಂಬ ಬೇರೆ ತಲೆಗೇರಿತ್ತು.

ಆ ರಿವಾಲ್ವರನ್ನು ಬಾಬಾ ಪ್ರಾಯದಲ್ಲಿ ಇಟಲಿಯಿಂದ ತಂದಿದ್ದರು. ಒಂದೊಂದು ಗೂಡಿಗೂ ಕಪ್ಪುಮದ್ದು ಸುರಿದು ಗುಂಡು ತುರುಕುತ್ತಿದ್ದ ಹಿಂದಿನ ಕಾಲದ ರಿವಾಲ್ವರಿನ ನಕಲು ಅದು. ನಳಿಗೆ ಮುಚ್ಚಿಸಿದ್ದರಿಂದ ಬರೀ ಶೋಭೆಗೆ. ಹಿಂಬದಿಯ ಹ್ಯಾಮರನ್ನು ಹೆಬ್ಬೆರಳಿನಿಂದ ಎಳೆದರೆ ಗೂಡುಗಳ ಚಕ್ರ ಒಂದು ಗೂಡಿನಷ್ಟು ಸರಿದು ‘ಟಕ್’ ಎನ್ನುತ್ತಿತ್ತು, ಅಷ್ಟೇ. ಹೊಸ ಅತಿಥಿ ಬಂದರೆ ಆ ಟಕ್ ಕೇಳಿಸದೆ ಬಾಬಾ ಬಿಡುತ್ತಿರಲಿಲ್ಲ. ಹೊರಗಿನ ಚೌಕಟ್ಟು ಹಿತ್ತಾಳೆ, ಒಳಗೆ ಉಕ್ಕು. ನೀವು ಅದನ್ನು ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಿರಿ, ಬೇರೇನೂ ಮಾಡುತ್ತಿರಲಿಲ್ಲ.

ಒಂದು ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ನೀವು ಇಗರ್ಜಿಗೆ ಹೋಗಿದ್ದಿರಿ. ಸಂಜೆಗೆ ದೊಡ್ಡ ಜನ ಬರುವವರಿದ್ದರು. ಹಿತ್ತಾಳೆ ಮಂಕಾಗಿ ಕಂಡಿತು ನನಗೆ. ಅಮ್ಮ ದೀಪಾವಳಿಗೆ ಕಾಲುದೀಪ ತಿಕ್ಕುತ್ತಿದ್ದ ಹಾಗೆ ಹುಣಸೆಹುಳಿಗೆ ಉಪ್ಪು ಕಲಸಿ ತಿಕ್ಕಿದೆ, ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಬಿಚ್ಚಿ ಒಣಗಿಸದಿದ್ದರೆ ಒಳಗಿನ ಉಕ್ಕು ಉಳಿಯುವುದಿಲ್ಲ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ಆದರೆ ಬಿಚ್ಚಲು ಉದಾಸೀನ... ಬಿಸಿಲಿಗಿಟ್ಟು ತಂದು ನೇತುಹಾಕಿದೆ. ಸಂಜೆ ಬಾಬಾ ಹೊಳಪು ನೋಡಿ ನಿಮ್ಮನ್ನು ಹೊಗಳಿದರು. ನಿಮ್ಮ ಎಣ್ಣೆಬಟ್ಟೆಯ ಹೊಳಪೇ ಎಂದುಕೊಂಡಿರೇನೋ, ನೀವು ತಬ್ಬಿಬ್ಬಾಗಿ ನಕ್ಕಿರಿ. ನಾನೇ ಮಾಡಿದ್ದೆಂದು ನಿಮ್ಮಲ್ಲಿ ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ, ಸೆಕೆ ಮೈಗಂಟುವ ದಿನಗಳಲ್ಲಿ, ಬಾಬಾ ಅದನ್ನು ಗೋಡೆಯಿಂದ ತೆಗೆದು ಹ್ಯಾಮರ್ ಎಳೆದರು. ಅಲುಗಲಿಲ್ಲ. ಜೋರಾಗಿ ಎಳೆದಾಗ ಒಳಗೇನೋ ಮುರಿದ ಸದ್ದು ಬಂತು. ಇದಕ್ಕೆ ನೀರು ತಾಗಿಸಿದ್ದು ಯಾರು ಎಂದು ಕೇಳಿದರು. “ನಾನು ನೀರು ಮುಟ್ಟಿಸುವುದಿಲ್ಲ, ಬಾಬಾ,” ಎಂದಿರಿ ನೀವು. ಬಾಬಾ ನನ್ನನ್ನು ಕರೆದರು.

“ಸದಾನಂದ, ನೀನು ಕಬ್ಬಿಣದ ಕೆಲಸದವನು. ನೋಡಿ ಹೇಳು.”

ಬೆಳಕಿಗೆ ಹಿಡಿದು, ತಿರುಗಿಸಿ ನೋಡುವ ನಾಟಕ ಮಾಡಿದೆ. ಊರಿನಲ್ಲಿ ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು, ಆ ದೇಶದಲ್ಲಿ ಇರಲು ಬೇಕಾದ ನನ್ನ ಪರವಾನಗಿ, ಇಕಾಮಾ, ಬಾಬಾನ ಕೈಯಲ್ಲಿತ್ತು — ಇದನ್ನು ಸಬೂಬಾಗಿ ಹೇಳುತ್ತಿಲ್ಲ. ನಿಮಗೂ ಮಗಳಿದ್ದಳು, ನಿಮ್ಮ ಇಕಾಮಾ ಕೂಡ ಅವರ ಕೈಯಲ್ಲೇ ಇತ್ತು.

“ಒರೆಸುವ ಬಟ್ಟೆ ಒದ್ದೆ ಇರಬೇಕು, ಬಾಬಾ,” ಎಂದೆ.

ಆ ಮಾತಿಗೆ ನೀವು ನನ್ನೊಂದಿಗೆ ಜಗಳಕ್ಕೆ ಬಂದಿದ್ದರೆ ನಾನು ಇಷ್ಟು ಕಾಲ ಹೀಗೆ ಒದ್ದಾಡುತ್ತಿರಲಿಲ್ಲವೇನೋ. ನೀವು ನಂಬಿದಿರಿ. ಅಡುಗೆಕೋಣೆಯ ಹಿಂದೆ ನಿಂತು ತುಳುವಿನಲ್ಲಿ ಹೇಳಿದಿರಿ: “ನೀನು ಕಬ್ಬಿಣ ಗೊತ್ತಿರುವವ ಮಾರಾಯ. ನೀನು ಹೇಳಿದ ಮೇಲೆ ಹೌದೇ ಇರಬೇಕು. ನನಗೇ ಗೊತ್ತಾಗಲಿಲ್ಲ ನೋಡು.” ಆಮೇಲೆ ಬಾಬಾನ ಮುಂದೆ ಹೋಗಿ ತಪ್ಪಾಯಿತು ಎಂದು ಕೈಮುಗಿದಿರಿ. ನಿಮ್ಮನ್ನು ಕೆಲಸದಿಂದ ತೆಗೆಯಲಿಲ್ಲ. ಗೋಡೆಯ ವಸ್ತುಗಳನ್ನು ಮುಟ್ಟಬೇಡ ಎಂದರು, ಅಷ್ಟೇ. ವರ್ಷ ತುಂಬುವುದರೊಳಗೆ ನೀವೇ ಎಲ್ಲ ಖಲಾಸ್ ಮಾಡಿ ಊರಿಗೆ ಹೊರಟಿರಿ. ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಬಿಟ್ಟವನು ನಾನು. ಆ ಕಾರಿನಲ್ಲೂ ಬಾಯಿ ಬರಲಿಲ್ಲ.

ನಾಲ್ಕು ವರ್ಷದ ಹಿಂದೆ ರಜೆಗೆ ಬಂದಾಗ ಶಿರ್ವದ ನಿಮ್ಮ ಮನೆಗೆ ಬಂದಿದ್ದೆನಲ್ಲ. ನಿಮ್ಮ ಮಡದಿ ಬಾಯಮ್ಮ ಒಳಗಿನಿಂದ ಗಾಜಿನ ಲೋಟಗಳ ತಟ್ಟೆಯನ್ನು ನಿಮ್ಮ ಕೈಗೆ ಕೊಡಲು ಬಂದರು, ನೀವು ಹಿಂದೆ ಸರಿದು, “ನನ್ನ ಕೈಗೆ ಕೊಡಬೇಡ. ಬಾಬಾನ ಪಿಸ್ತೂಲು ಹಾಳು ಮಾಡಿದ ಕೈ ಇದು,” ಎಂದಿರಿ. ಮಗಳು, ಅಳಿಯ ಎಲ್ಲ ನಕ್ಕರು, ಮನೆಯಲ್ಲಿ ಅದು ಹಳೇ ತಮಾಷೆ. ನಾನೂ ನಕ್ಕೆ, ಪೊರ್ಬುಗಳೇ. ಕೊಟ್ಟ ಶರಬತ್ತನ್ನು ಪೂರ್ತಿ ಕುಡಿದೆ. ಅಲ್ಲಿಂದ ಹೊರಟವನು ನಮ್ಮೂರ ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕಿ ಕೈಮುಗಿದೆ. ದೇವರಿಗೆ ಹೇಳಿಯಾಯಿತು ಎಂಬ ಸಮಾಧಾನ. ದೇವರು ಶಿರ್ವಕ್ಕೆ ಬಂದು ನಿಮ್ಮಲ್ಲಿ ಹೇಳುತ್ತಾನೆಯೇ?

ಈಗ ನಾನು ಆ ಮನೆಯಲ್ಲಿಲ್ಲ. ಇದೇ ದೇಶದಲ್ಲಿ, ಶುವೈಖ್‌ನ ಒಂದು ಲೇತ್ ವರ್ಕ್‌ಶಾಪಿನಲ್ಲಿ ಇದ್ದೇನೆ. ಹೋದ ತಿಂಗಳು ಬಾಬಾನ ಮಗ ಜಾಸಿಮ್ ತನ್ನ ಮಗಳನ್ನು ಕರೆದುಕೊಂಡು ಬಂದ. ಬಟ್ಟೆಯಲ್ಲಿ ಸುತ್ತಿದ ಅದೇ ರಿವಾಲ್ವರ್. ಬಾಬಾನಿಗೆ ಈಗ ಎದ್ದು ಓಡಾಡಲು ಆಗುವುದಿಲ್ಲವಂತೆ. ಒಮ್ಮೆ ಅದರ ಟಕ್ ಕೇಳಬೇಕೆಂದು ಹಟ ಹಿಡಿದಿದ್ದಾರಂತೆ. ಮಾತಿನ ನಡುವೆ ಹುಡುಗಿಯ ಕೈಯಿಂದ ಜ್ಯೂಸ್ ಚೆಲ್ಲಿತು. ಜಾಸಿಮ್ ನಗುತ್ತಾ “ಲಾರೆನ್ಸ್” ಎಂದ. ಆ ಮನೆಯಲ್ಲಿ ಯಾರು ಏನು ಕೆಡಿಸಿದರೂ ಹಾಗೆನ್ನುತ್ತಾರಂತೆ. ಲಾರೆನ್ಸ್ ಎಂದರೆ ಯಾರೆಂದು ಆ ಹುಡುಗಿಗೆ ಗೊತ್ತಿಲ್ಲ. ನಾನು ರಿವಾಲ್ವರ್ ತೆಗೆದುಕೊಂಡು ಬೆಂಚಿನ ಮೇಲಿಟ್ಟೆ.

ಸ್ಕ್ರೂಗಳು ತುಕ್ಕಿನಲ್ಲಿ ಒಂದಾಗಿ ಹೋಗಿದ್ದವು. ಆರು ದಿನ ಎಣ್ಣೆಯಲ್ಲಿ ನೆನೆಸಿದೆ. ಸ್ಕ್ರೂಡ್ರೈವರಿನ ತುದಿಯನ್ನು ಆ ಗೀರಿಗೆ ಸರಿಯಾಗಿ ಕೂರುವ ಹಾಗೆ ಅರದಿಂದ ಉಜ್ಜಿಕೊಂಡು ಒಂದೊಂದೇ ಬಿಡಿಸಿದೆ. ಒಳಗೆ ಹಿತ್ತಾಳೆಯ ಮೂಲೆಗಳಲ್ಲೆಲ್ಲ ಹಸಿರು ಕಿಲುಬು. ಒದ್ದೆ ಬಟ್ಟೆಯಿಂದ ಇಷ್ಟಾಗುವುದಿಲ್ಲ. ಕಬ್ಬಿಣ ಗೊತ್ತಿರುವ ಯಾರೇ ಬಿಚ್ಚಿ ನೋಡಿದ್ದರೂ ಹೇಳುತ್ತಿದ್ದರು. ಅಂದು ಬಿಚ್ಚಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ — ಅದೇ ನನ್ನ ಧೈರ್ಯವಾಗಿತ್ತು. ಚಕ್ರ ತಿರುಗಿಸುವ ಪುಟ್ಟ ಸ್ಪ್ರಿಂಗ್ ಎರಡು ತುಂಡಾಗಿತ್ತು. ಸ್ಪ್ರಿಂಗ್ ಪಟ್ಟಿಯಿಂದ ಹೊಸದು ಕತ್ತರಿಸಿ ಹದ ಮಾಡಿದೆ. ಎರಡು ಮುರಿದವು, ಮೂರನೆಯದು ನಿಂತಿತು. ಚಕ್ರ ಸರಿದು ಕೂತಾಗ ಬೆಂಚಿನ ಮುಂದೆ ಒಬ್ಬನೇ ಅತ್ತೆ.

ಹೋದ ಶುಕ್ರವಾರ ನಾನೇ ಸಲ್ವಾಕ್ಕೆ ಒಯ್ದೆ. ದಿವಾನಿಯಾದಲ್ಲಿ ಏಳೆಂಟು ಜನರಿದ್ದರು, ಅಂದಿನವರಲ್ಲಿ ಇಬ್ಬರು ಉಳಿದಿದ್ದರು. ಬಾಬಾ ಹೆಬ್ಬೆರಳಿನಿಂದ ಹ್ಯಾಮರ್ ಎಳೆದರು, ಟಕ್ ಕೇಳಿಸಿತು, ಮುಖ ಅರಳಿತು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಹುಳಿ, ಉಪ್ಪು, ನಲ್ಲಿ ನೀರು, ಸುಳ್ಳು. ಜಾಸಿಮ್ ತಲೆ ತಗ್ಗಿಸಿದ. ಬಾಬಾ ರಿವಾಲ್ವರನ್ನು ಮಡಿಲಲ್ಲಿಟ್ಟು ಕೇಳಿದರು:

“ಲಾರೆನ್ಸ್‌ಗೆ ಹೇಳಿದೆಯಾ?”

“ಇಲ್ಲ ಬಾಬಾ.”

“ಮೊದಲು ಅಲ್ಲಿಗೆ ಹೋಗಬೇಕಿತ್ತು.”

ಬೈಯಲಿಲ್ಲ. ಆದರೆ ನನಗೆ ಕಾಫಿ ಕೊಡಿ ಎಂದು ಯಾರಿಗೂ ಹೇಳಲೂ ಇಲ್ಲ. ಮೊಮ್ಮಗಳನ್ನು ಕರೆದು, ಲಾರೆನ್ಸ್ ಒಳ್ಳೆಯ ಮನುಷ್ಯ, ಇನ್ನು ಈ ಮನೆಯಲ್ಲಿ ಆ ಹೆಸರನ್ನು ಹಾಗೆ ಹೇಳಬಾರದು ಎಂದರು. ಆಮೇಲೆ ನನ್ನ ಫೋನಿನಲ್ಲಿ ನಿಮಗೊಂದು ಮಾತು ರೆಕಾರ್ಡ್ ಮಾಡಿಸಿದರು. ಅವರ ಅದೇ ಮುರುಕು ಹಿಂದಿ, ನಡುನಡುವೆ ಕೆಮ್ಮು. ಅದನ್ನಿನ್ನೂ ನಿಮಗೆ ಕಳಿಸಿಲ್ಲ. ನನ್ನ ತಪ್ಪನ್ನು ನೀವು ಮೊದಲು ಅವರ ಬಾಯಿಂದ ಕೇಳಬಾರದು.

ಗುರುವಾರದ ವಿಮಾನಕ್ಕೆ ಟಿಕೆಟ್ ಆಗಿದೆ. ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಎದುರಿಗೆ ನಿಂತಾಗ ನಾಲಿಗೆ ಮತ್ತೆ ಹೊರಳದಿದ್ದರೆ ಓದಿಯಾದರೂ ಮುಗಿಸಬೇಕು. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಬಾಗಿಲಿನಲ್ಲೇ ನಿಲ್ಲಿಸಿದರೂ ನಿಲ್ಲುತ್ತೇನೆ. ಆದರೆ ಶನಿವಾರ ಮಗಳನ್ನೂ ಅಳಿಯನನ್ನೂ ಮನೆಗೆ ಕರೆಸಿಕೊಳ್ಳಿ ಎಂದು ಇವತ್ತೇ ಫೋನ್ ಮಾಡಿ ಹೇಳುತ್ತೇನೆ. ನಿಮ್ಮನ್ನು ನೋಡಿ ನಕ್ಕವರೆಲ್ಲ ಅಲ್ಲಿರಬೇಕು, ಅವರ ಮುಂದೆಯೇ ನಾನು ಇದನ್ನು ಓದಬೇಕು.