ಕೊಡೆಯೊಳಗಿನ ಬಿಗೋನಿಯಾ

ಸೋಸಿ ತೆಗೆದ ಚಹಾಪುಡಿಯನ್ನು ಒದ್ದೆ ಮಣ್ಣಿಗೆ ಬೆರೆಸಿದಾಗ ಏಳುವ ವಾಸನೆ ಈಗಲೂ ನನ್ನನ್ನು ಶಿರಸಿಯ ನಮ್ಮ ಬಾಡಿಗೆ ಮನೆಯ ಕಿಟಕಿಯ ಬಳಿ ಕೂರಿಸಿಬಿಡುತ್ತದೆ. ನಿಮ್ಮ ಮನೆಯಲ್ಲೂ ಅಂಥದೊಂದು ಕಿಟಕಿ ಇದ್ದಿರಬೇಕು. ನಮ್ಮದು ಅಪ್ಪನ ಅಕ್ಕ ಶಾರದತ್ತೆಯ ವಶದಲ್ಲಿತ್ತು. ಬಣ್ಣದ ಡಬ್ಬಿ, ಒಡೆದ ಭರಣಿ, ಹಿಡಿಕೆ ಹೋದ ಕುಕ್ಕರ್, ಎಲ್ಲದರಲ್ಲೂ ಗಿಡ. ಅಪ್ಪ ಹೊಸ ಪಾತ್ರೆ ತಂದರೆ ಅತ್ತೆ ಮೊದಲು ಅದರ ತಳ ನೋಡುತ್ತಿದ್ದಳು, ತೂತು ಕೊರೆಯಲು ಎಲ್ಲಿ ಅನುಕೂಲ ಎಂದು. ಮಣ್ಣಿಗೆ ಬೆರಳು ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು. ಎಲೆಗಳಿಗೆ ದಿನವೂ ಒದ್ದೆ ಬಟ್ಟೆಯ ಉಪಚಾರ. ನಾವು ಮುಖ ತೊಳೆದಿದ್ದೇವೋ ಇಲ್ಲವೋ ಎಂದು ಅವಳು ಅಷ್ಟಾಗಿ ವಿಚಾರಿಸಿದವಳಲ್ಲ.

ಗಿಡ ಆರಿಸುವ ಮೊದಲು ನಮ್ಮ ಮನೆಯ ಬೆಳಕು ನೋಡಿಕೊಳ್ಳಬೇಕು ಎನ್ನುತ್ತಿದ್ದಳು. ಆಮೇಲೆ ಕದಿಯಬೇಕು. "ಕೇಳಿ ತಂದ ಗಿಡ ಹತ್ತತಿಲ್ಲೆ, ಕೂಸೆ." ಕೇಳಿ ತಂದದ್ದು ಬೇರೂರುವುದಿಲ್ಲ, ಕದ್ದದ್ದೇ ಚಿಗುರುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರೆಲ್ಲರ ನಂಬಿಕೆ. ಹಾಗೆಂದು ಕಳ್ಳತನಕ್ಕೆ ಮರ್ಯಾದೆ ಇರಲಿಲ್ಲವೆಂದಲ್ಲ. ಬಂದವರ ಕಣ್ಣು ಗಿಡದ ಮೇಲೆ ನೆಟ್ಟಿತೆಂದರೆ ಮನೆಯೊಡತಿ ಚಾ ಮಾಡುವ ನೆಪದಲ್ಲಿ ಒಳಗೆ ಹೋಗಿ, ಪಾತ್ರೆ ಸದ್ದು ಮಾಡುತ್ತ ಸಾಕಷ್ಟು ತಡ ಮಾಡಬೇಕು. ಪಕ್ಕದ ಮನೆಯ ಲಾರಿ ಮಾಲೀಕರ ಹೆಂಡತಿ ಖೈರುನ್ನಿಸಾ ಚಾಚಿ ಬಂದ ದಿನ ಅತ್ತೆಯ ಚಾ ಬತ್ತಿಹೋಗುವಷ್ಟು ಕುದಿಯುತ್ತಿತ್ತು.

ಸಿದ್ದಾಪುರದ ನೆಂಟರ ಮನೆಯ ನಾಮಕರಣದಲ್ಲಿ ಅತ್ತೆಗೆ ಬೆಳ್ಳಿಚುಕ್ಕಿಯ ಬಿಗೋನಿಯಾ ಕಂಡಿತು. ಹೋಳಿಗೆ ಬರುವ ಮೊದಲೇ ಎಲೆ ಬಿಟ್ಟೆದ್ದವಳು, ಒಂದು ತುಂಡು ಮುರಿದು ಮಡಿಸಿದ ಕೊಡೆಯೊಳಗೆ ಇಳಿಬಿಟ್ಟಳು. ನಮ್ಮನ್ನು ಬಸ್ ಹತ್ತಿಸಲು ಆ ಮನೆಯ ಯಜಮಾನರೇ ಬಂದರು. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಹನಿ ಬಿದ್ದದ್ದೇ ತಡ, ಅತ್ತೆ ಅಭ್ಯಾಸಬಲದಿಂದ ಕೊಡೆ ಬಿಚ್ಚಿದಳು. ಬಿಗೋನಿಯಾ ಅವರ ಕಾಲಬುಡಕ್ಕೆ ಬಿತ್ತು. ಅವರು ಪಾಪ, ಹೆಕ್ಕಿಕೊಂಡು, "ತಗ ಅಕ್ಕಾ" ಎಂದು ಕೈ ನೀಡಿದರು. ಸಿಕ್ಕಿಬಿದ್ದದ್ದಕ್ಕೆ ಅತ್ತೆ ನಾಚಲಿಲ್ಲ. ಕೈಯಿಂದ ತೆಗೆದುಕೊಂಡರೆ ಕೊಟ್ಟ ಗಿಡವಾಗಿಬಿಡುತ್ತದಲ್ಲ ಎಂದು ಹೌಹಾರಿದಳು.

"ಅಯ್ಯೋ, ಕೈಯಲ್ಲಿ ಕೊಡಡ! ಅಲ್ಲೇ ಇಡು, ಆ ಬದಿಗೆ ತಿರುಗಿ ನಿತ್ಕ!"

ಅವರು ಗಿಡವನ್ನು ಬೆಂಚಿನ ಮೇಲಿಟ್ಟು, ಬಸ್ಸಿನ ಬೋರ್ಡು ಓದುವವರಂತೆ ತಿರುಗಿ ನಿಂತರು. ಅತ್ತೆ ಅದನ್ನು ಇನ್ನೊಮ್ಮೆ ಕದ್ದಳು. ಬಿಗೋನಿಯಾ ಎಷ್ಟು ಚೆನ್ನಾಗಿ ಹತ್ತಿತೆಂದರೆ ಮೂರು ಡಬ್ಬಿ ಸಾಲದಾಯಿತು. ಕೊಡೆಯ ಕತೆಯನ್ನು ಅತ್ತೆ ಅಕ್ಕಪಕ್ಕದವರಿಗೆಲ್ಲ ಹೇಳಿ ನಗಿಸಿದಳು.

ಅತ್ತೆ ಹೋದಳು. ಆ ಮನೆಯನ್ನೂ ಕೆಡವಿದರು. ಖಾಲಿ ಮಾಡುವ ಗಡಿಬಿಡಿಯಲ್ಲಿ ಡಬ್ಬಿಗಳು ಯಾರ ಪಾಲಾದವೋ. ಅವಳ ಸೀರೆ, ಬಳೆ ಬೇಕೆಂದು ನನಗೆ ಅನ್ನಿಸಲಿಲ್ಲ. ಆ ಗಿಡವೊಂದು ಬೇಕಿತ್ತು. ನರ್ಸರಿಗಳಲ್ಲಿ ಅದೇ ಚುಕ್ಕಿಯದು ಸಿಕ್ಕಿತು, ಆದರೆ ಅದು ಅವಳದಲ್ಲ.

ಕಳೆದ ಮಳೆಗಾಲ ಯಲ್ಲಾಪುರಕ್ಕೆ ಹೋದಾಗ, ಎಂದೋ ಅಲ್ಲಿಗೆ ಹೋಗಿ ನೆಲೆಸಿದ್ದ ಚಾಚಿಯನ್ನು ನೋಡಿಬರಲು ಹೋದೆ. ಅವರ ಕಿಟಕಿಯಲ್ಲಿ ಬೆಳ್ಳಿಚುಕ್ಕಿಯ ಬಿಗೋನಿಯಾ! ಅತ್ತೆ ಅಂದು ಬತ್ತಿಸಿದ ಚಾದ ಫಲ. ಹತ್ತಿರ ಹೋಗಿ ಅದರ ಮಣ್ಣಿಗೆ ಬೆರಳು ಊರಿ ನೋಡಿದೆ. ಚಾಚಿ ನನ್ನನ್ನು ನೋಡಿದರು, ಗಿಡವನ್ನು ನೋಡಿದರು.

"ಕೂತ್ಕೊ ಬೇಟಿ, ಚಾ ತರ್ತೀನಿ. ಸ್ವಲ್ಪ ತಡ ಆಗ್ತದೆ."

ಒಳಗೆ ಪಾತ್ರೆಗಳು ಸದ್ದು ಮಾಡತೊಡಗಿದವು.

ಹೊರಡುವಾಗ ಮಳೆ ಸುರಿಯುತ್ತಿತ್ತು. ಬಾಗಿಲವರೆಗೆ ಬಂದ ಚಾಚಿ, "ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಬಿಚ್ಬೇಡ" ಎಂದರು. ಮಡಿಸಿದ ಕೊಡೆಯನ್ನು ಎದೆಗವಚಿಕೊಂಡು ಅಳುತ್ತ, ನಗುತ್ತ ನಡೆದೆ. ಕೊಡೆಯಿದ್ದೂ ನೆನೆಯುತ್ತಿರುವ ಹೆಂಗಸನ್ನು ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ತಿರುಗಿ ನೋಡಿದರು.